ನನ್ನನ್ನು ನಿರಪರಾಧಿ ಎಂದು ಸಾಧಿಸಿದ ಲಾರ್ಡ್ ಅವರಿಗೆ

ಲಾರ್ಡ್ ಆಲ್ಡರಿಕ್ ಥಾರ್ನ್‌ಬಿ ಅವರ ಸನ್ನಿಧಿಗೆ

ಮಾನ್ಯರೇ,

‘ಈ ಮಹಿಳೆಯನ್ನು ಇನ್ನು ಬಿಟ್ಟುಬಿಡಬಹುದು’ ಎಂದಿರೋ, ‘ಮರೆತುಬಿಡಬಹುದು’ ಎಂದಿರೋ, ಸರಿಯಾಗಿ ನೆನಪಿಲ್ಲ. ಒಂದೇ ಕಣ್ಣಿಗೆ ಸಿಕ್ಕಿಸುವ ಆ ಕನ್ನಡಕದ ಗಾಜನ್ನು ಒರೆಸುತ್ತಾ ಅಂದಿರೆಂಬುದಷ್ಟೇ ನೆನಪು. ಎರಡು ದಿನದ ಅತಿಥಿಯಾಗಿ ಬಂದ ತಾವು ನಮ್ಮ ನೆದರ್‌ಕೂಂಬಿನಂಥ ಸಣ್ಣ ಊರಿನ ಕೊಲೆಯ ಒಗಟನ್ನು ಬಿಡುವಿನ ವೇಳೆಯಲ್ಲಿ ಬಿಡಿಸಿಕೊಟ್ಟದ್ದಕ್ಕೆ, ಪಾದ್ರಿಯ ತಂಗಿಯಾದ ನಾನು, ಅಣ್ಣನೇ ಸಂಪಾದಕನಾದ ಈ ಚರ್ಚ್ ಪತ್ರಿಕೆಯ ಮೂಲಕ ಕೃತಜ್ಞತೆ ಸಲ್ಲಿಸದಿದ್ದರೆ ತಪ್ಪಾದೀತು.

ಬಂಗಲೆಯ ಯಜಮಾನ ಸರ್ ಗೈಲ್ಸ್ ಅವರ ವೈನಿಗೆ ವಿಷ ಬೆರೆಸಿ ಕೊಂದವರು ಕರ್ನಲ್ ಟ್ರೆಶಮ್ ಎಂಬುದು ತಮಗೆ ಮೊದಲ ಸಂಜೆಯೇ ಗೊತ್ತಿತ್ತಂತೆ. ಆದರೂ ಏಳು ಜನರನ್ನು ಬಂಗಲೆಯ ಗ್ರಂಥಾಲಯದಲ್ಲಿ ಕೂರಿಸಿ, ನಿರಪರಾಧಿಗಳನ್ನು ಒಬ್ಬೊಬ್ಬರಾಗಿ ಬಿಡುಗಡೆ ಮಾಡುವ ಸೌಜನ್ಯ ತೋರಿದಿರಿ. ಕೊಲೆ ನಡೆದ ಮಧ್ಯಾಹ್ನ ನಾನು ಎಕ್ಸೆಟರಿನ ಅಂಗಡಿಯೊಂದರಲ್ಲಿ ಪ್ಲಮ್ ಜಾಮ್ ಕೊಳ್ಳುತ್ತಿದ್ದೆನೆಂದೂ, ಊರ ಪ್ರದರ್ಶನದಲ್ಲಿ ಹನ್ನೊಂದು ವರ್ಷ ಮೊದಲ ಬಹುಮಾನ ಗೆದ್ದ ನನ್ನ ‘ಮನೆಯ ಜಾಮ್’ ಅದೇ ಎಂದೂ, ನಮ್ಮ ಒಲೆಯ ಬೂದಿಯಿಂದ ಹೆಕ್ಕಿದ, ನಾನು ಸೀಸೆಯಿಂದ ಕಿತ್ತಿದ್ದ ಅಂಗಡಿಯ ಅರೆಸುಟ್ಟ ಲೇಬಲ್ ಎತ್ತಿ ಹಿಡಿದು ಸಾಧಿಸಿದಿರಿ. ಎಂಥ ಬುದ್ಧಿ! ನನಗೆ ನೇಣು ತಪ್ಪಿತು.

ಈಗ ಅಂಚೆ ಕಚೇರಿಯಲ್ಲಿ, ಹನ್ನೊಂದು ವರ್ಷವೂ ಎರಡನೇ ಬಹುಮಾನಕ್ಕೇ ನಿಂತ ಮಿಸೆಸ್ ಕಾಬ್ಲಿ, “ಸ್ಟಾಂಪು ಅಂಟಿಸೋಕಾ ಮಿಸ್ ವೆನ್, ಇಲ್ಲಾ ಕೀಳೋಕಾ?” ಎಂದು ವಿಚಾರಿಸುತ್ತಾರೆ. ನಾನು ಬಾಗಿಲು ದಾಟುವಷ್ಟರಲ್ಲಿ, “ಕರ್ನಲ್ ಕೊಂದಿದ್ದು ಹೌದು, ಆದ್ರೆ ಮೋಸಗಾರ ಅಲ್ಲ ಬಿಡಿ” ಎಂಬ ಮಾತು ಕೇಳುತ್ತದೆ.

ಅಣ್ಣನ ವಿಷಯ ಬೇರೆ. ಅಮ್ಮ ತೀರಿಕೊಂಡ ವರ್ಷ ನಾನು ಮಾಡಿದ ಜಾಮ್ ನೀರಾಗಿಯೇ ಉಳಿಯಿತು. ಅಂಗಡಿಯದನ್ನು ತಂದು ಬಡಿಸಿದೆ. “ಥೇಟ್ ಅಮ್ಮನ ಕೈರುಚಿ ಕಣೇ” ಎಂದು ಕಣ್ಣೊರೆಸಿಕೊಂಡ. ಆಮೇಲೆ ನಿಲ್ಲಿಸಲಾಗಲಿಲ್ಲ. ಈಗ ಬೆಳಗ್ಗೆ ಒಣ ಬ್ರೆಡ್ ತಿಂದು, ನನ್ನ ಮುಖ ನೋಡದೆ ಎದ್ದುಹೋಗುತ್ತಾನೆ. ಸಂಪಾದಕನಾದ್ದರಿಂದ ಈ ಪತ್ರವನ್ನಾದರೂ ಓದಲೇಬೇಕು.

ಆದ್ದರಿಂದ ಒಂದು ಬಿನ್ನಹ. ತಾವು ತನಿಖೆಯನ್ನು ಮತ್ತೆ ತೆರೆದು, ವಿಷ ಬೆರೆಸಿದವಳಲ್ಲದಿದ್ದರೂ ಸೀಸೆ ಹಿಡಿದು ನಿಂತವಳಾದರೂ ನಾನೇ ಎಂದು ಸಾಧಿಸಿಕೊಡಬೇಕು. ಕೊಲೆಗಡುಕಿಯಾದ ತಂಗಿಯೊಡನೆ ಅಣ್ಣ ಮಾತಾಡಿಯಾನು. ದೊಡ್ಡ ಪಾಪಗಳನ್ನು ಕ್ಷಮಿಸುವುದು ಅವನ ಉದ್ಯೋಗ.

ತಮ್ಮ ದಯೆಯಿಂದ ನಿರಪರಾಧಿಯಾಗಿರುವ,
ತಮ್ಮ ವಿಶ್ವಾಸಿ,
ಆಡ್ರೆ ವೆನ್

ಮರೆತ ಮಾತು: ತಮ್ಮ ವಿದ್ಯೆ ಅಂಟುಜಾಡ್ಯ, ಮಾನ್ಯರೇ. ಅಮ್ಮ ಪ್ರತಿ ಆಗಸ್ಟಿನಲ್ಲಿ ಹಲ್ಲಿನ ಡಾಕ್ಟರನ್ನು ಕಾಣಲೆಂದು ಒಬ್ಬಳೇ ಎಕ್ಸೆಟರಿಗೆ ಹೋಗುತ್ತಿದ್ದಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲವೆಂಬುದು ನಿನ್ನೆ ಹೊಳೆಯಿತು. ಅಮ್ಮಾ, ನಿನ್ನದೂ ಅದೇ ಅಂಗಡಿಯೇನು?