ಹೆಪ್ಪಿನ ಮಹಾಸಮರ

ಕಡಗೋಲು ಗರಗರನೆ ತಿರುಗಿ, ಗಡಿಗೆಯಲ್ಲಿ ಬೆಣ್ಣೆ ಇನ್ನೂ ತೇಲುವ ಮೊದಲೇ, ಎಲೈ ಸಹೃದಯರೇ, ಗದಗಿನ ಆ ಅಡುಗೆಮನೆಯಲ್ಲಿ ಸಮರ ಭುಗಿಲೆದ್ದಿತು. ಸಾಫ್ಟ್‌ವೇರೇ ಸಾಮ್ರಾಜ್ಯವಾದ ಈ ಕಲಿಯುಗದಲ್ಲಿ, ಕ್ಷೀರತೂಕಯಂತ್ರನಿರ್ಮಾಣಧುರಂಧರನೂ ಕೀಲಿಮಣೆಕುಟ್ಟಣಪ್ರಚಂಡನೂ ಆದ ಅಂದಾನಪ್ಪನನ್ನು ಯಾವ ನಾಲಿಗೆ ತಾನೇ ಬಣ್ಣಿಸೀತು! ಕಡಗೋಲಿನ ಹಗ್ಗ ಜಗ್ಗುತ್ತಿದ್ದವಳು ಅವನ ಅತ್ತಿಗೆ, ವ್ಯಾಪಾರದಲ್ಲಿ ಸರಿಪಾಲಿನವಳು, ದಾಕ್ಷಾಯಣಿ.

"ತಮ್ಮಾ, ಡೇರಿಯವರಿಗೆ ಪತ್ರ ಕಳಿಸಿದೇನು?"

ಮಳೆಗಾಲ ಹೋಗಿ ಚಳಿಗಾಲ ಬಂದರೂ ಅದೇ ಪ್ರಶ್ನೆ. ಅಂದಾನಪ್ಪ ಕಟ್ಟಿದ ಹಾಲು ತೂಗುವ ಯಂತ್ರದ ಹೊಟ್ಟೆಯಲ್ಲಿದ್ದದ್ದು ಯಾರೋ ಪುಣ್ಯಾತ್ಮರು ಲೋಕಕ್ಕೆ ತೆರೆದಿಟ್ಟ ಓಪನ್ ಸೋರ್ಸ್ ತಂತ್ರಾಂಶ. ಬಳಸಿ, ಮಾರಿ, ಗಳಿಸಿ; ಆದರೆ ನೀವು ತಿದ್ದಿದ್ದನ್ನು ಕೊಂಡವರಿಗೂ ತೆರೆದು ಕೊಡಿ ಎಂಬುದು ಅದರ ಲೈಸೆನ್ಸಿನ ಕರಾರು. ಹಾಗೆ ಕೊಡುತ್ತೇವೆಂದು ಬರೆದು, ತಿದ್ದಿದ್ದನ್ನೂ ಜೊತೆಗಿಟ್ಟು ಕಳಿಸದಿದ್ದರೆ ಯಂತ್ರ ಬೇಡ ಅಂದಿತ್ತು ಡೇರಿ. ಇದ್ದ ಗಿರಾಕಿ ಅದೊಂದೇ.

ಮಣೆಯ ಮೇಲಿಂದ ಮೇರುಪರ್ವತವೇ ಮೈಮುರಿದಂತೆ ಅಂದಾನಪ್ಪ ಎದ್ದ.

"ಸಿಡಿಲು ಬಡೀಲಿ, ಭೂಮಿ ಬಿರೀಲಿ ವೈನಿ! ನಿದ್ದಿಗೆಟ್ಟು ತಿದ್ದೇನ್ರೀ! ನನ್ನ ವಿದ್ಯಾ ಹೊರಗ ಬಿದ್ರ ನಾಳೆ ಓಣಿಗೊಂದು ಮಷಿನ್ ಹುಟ್ಟತಾವ!"

ಸೂರಿನ ಪಾರಿವಾಳಗಳು ದಿಕ್ಕುಗೆಟ್ಟು ಹಾರಿದವು. ದಾಕ್ಷಾಯಣಿ ಹಗ್ಗ ಬಿಡಲಿಲ್ಲ.

"ಈ ಮೊಸರಿಗೆ ಹೆಪ್ಪು ಯಾರು ಕೊಟ್ರಪಾ?"

"ಬಾಜೂ ಮನಿ ಖಾಸಿಂಬಿ ಅಕ್ಕಾ."

"ಆಕಿ ಬಟ್ಟಲಾ ಬರಿದ ಕೊಟ್ಟು ಬರ್ತೀಯೇನು?"

"ಛೇ! ಏನಿಲ್ಲಂದ್ರೂ ಚಿಟಿಕಿ ಸಕ್ಕರಿನರ ಹಾಕಬೇಕಲ್ರೀ..."

ಎಂದವನೇ, ಸ್ವಹಸ್ತದಿಂದ ತೋಡಿದ ಖೆಡ್ಡಾಕ್ಕೆ ಬಿದ್ದ ಮದಗಜದಂತೆ ನಿಂತುಬಿಟ್ಟ.

"ಮತ್ತ? ಹೆಪ್ಪು ಮಂದೀದು, ಮೊಸರಷ್ಟ ನಂದು ಅಂದ್ರ ಹೆಂಗ? ಮಾರ ಬ್ಯಾಡ ಅಂದೋರ್ಯಾರು? ತಗೀ ನಿನ್ನ ಬ್ರಹ್ಮಾಸ್ತ್ರ, ನಾನೂ ನೋಡತೇನಿ."

ಆಗ ಆ ವೀರನು, ನಿಧಿಯ ಬಾಗಿಲು ತೆರೆಯುವ ಯಕ್ಷನಂತೆ ಲ್ಯಾಪ್‌ಟಾಪ್ ತೆರೆದು, ಮೂಲವನ್ನೂ ತನ್ನದನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ತೋರಿಸೆಂದು ಅದಕ್ಕೆ ಅಪ್ಪಣೆ ಕೊಟ್ಟನು. ಅಷ್ಟದಿಕ್ಪಾಲಕರು ಉಸಿರು ಬಿಗಿಹಿಡಿದರು. ಪರದೆಯ ಮೇಲೆ ಬೆಳಗಿದ್ದು ಒಂದೇ ಸಾಲು. ಹಾಲು ತೂಗಿದ ಮೇಲೆ 'ಧನ್ಯವಾದ' ಅನ್ನುತ್ತಿದ್ದ ಯಂತ್ರ ಈಗ 'ಶರಣ್ರೀ' ಅನ್ನುತ್ತಿತ್ತು.

"ಇಷ್ಟ ಏನೋ?"

"ಭಾಳ ತಿದ್ದಿದ್ದೆ ವೈನಿ," ಎಂದ ಅಂದಾನಪ್ಪ, ಸಣ್ಣ ದನಿಯಲ್ಲಿ. "ತೂಕಾನ ತಪ್ಪಾಕ ಹತ್ತಿತು. ಎಲ್ಲಾ ತಿರುಗಿ ಮೊದಲಿನಂಗ ಮಾಡಿಟ್ಟೆ. ಅದನ್ನ ಮರತೇ ಬಿಟ್ಟಿದ್ದೆ."

ದಾಕ್ಷಾಯಣಿ ನಗಲಿಲ್ಲ; ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಷ್ಟೇ. ಆಮೇಲೆ ಬೆಣ್ಣೆಯ ಮುದ್ದೆಯೊಂದನ್ನು ಖಾಸಿಂಬಿಯ ಬಟ್ಟಲಿಗೆ ಹಾಕಿ ಅವನ ಮುಂದಿಟ್ಟಳು.

"ಶರಣ್ರೀ ಅನ್ನೋದು ಚಲೋ ಐತಿ. ಅದನ್ನೂ ಕೊಡು, ಇದನ್ನೂ ಕೊಡು."

ಅಂದಾನಪ್ಪ ಆ ಒಂದು ಸಾಲನ್ನು ಪತ್ರಕ್ಕೆ ಲಗತ್ತಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದ. ಪತ್ರ ಹೋಯಿತು. ಮೂರು ಲೋಕಗಳಲ್ಲಿ ಯಾವುದೂ ನಡುಗಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಬೆಕ್ಕು ಮಾತ್ರ ಬಟ್ಟಲಿಗೆ ಬಾಯಿ ಹಾಕಿತ್ತು.