ಅಕ್ಕ ಯಾವ ಕಾರಿನಲ್ಲಿ ಹೋಗಬೇಕು?

“ಏಳು ತಳ್ಳು ಬಾಕಿ ಇಟ್ಕೊಂಡಿದ್ದೀರಿ ಭಾವ! ಮೊದಲು ಅದನ್ನ ತೀರಿಸಿ, ಆಮೇಲೆ ನಿಮ್ಮ ಕಾರಿನ ಜಂಬ ಕೊಚ್ಚಿ.”

ಭಾವ, ಭಾಮೈದ ಇಬ್ಬರಿಗೂ ಅಪ್ಪಂದಿರ ಕಾಲದ ಒಂದೊಂದು ಕಾರು. ಯಾರದು ನಡುದಾರಿಯಲ್ಲಿ ಕೈಕೊಟ್ಟರೂ ಇನ್ನೊಬ್ಬ ಹೋಗಿ ತಳ್ಳಬೇಕೆಂಬುದು ಮನೆಯ ಕರಾರು. ಭಾವನದು ಗುಂಡು ಬೆನ್ನಿನ ‘ದುಂಡಿ’, ಭಾಮೈದನದು ಚೌಕ ಮೂತಿಯ ‘ಪೆಟ್ಟಿಗೆ’. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಓಣಿ ತುಂಬಿಕೊಂಡು ನಿಂತಿದ್ದವು.

ಅಕ್ಕ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ಕಾಯುತ್ತಿದ್ದಳು. ಅವಳು ಹೊಲಿಯುವ ಕಾರ್ಖಾನೆಯಲ್ಲಿ ಹೆಂಗಸರ ಪಾಯಿಖಾನೆಗೆ ಬೀಗ ಬಿದ್ದಿತ್ತು. ಮೇಲ್ವಿಚಾರಕನ ಮುಂದೆ ಕೈಕಟ್ಟಿ ಕೇಳಿದರಷ್ಟೇ ತೆರೆಯುತ್ತಿದ್ದರು. ಒಂಬತ್ತಕ್ಕೆ ಮಾಲೀಕರ ಜೊತೆ ಮಾತುಕತೆ. ಎಲ್ಲರ ಪರವಾಗಿ ಬಾಯಿ ಬಿಡಬೇಕಾದವಳು ಅಕ್ಕ. ಅವಳು ಹೋಗದಿದ್ದರೆ ಬೀಗ ಅಲ್ಲೇ.

ಅಕ್ಕ: ಯಾವುದಾದ್ರೂ ಒಂದು ತೆಗೀರಪ್ಪ. ಎಂಟೂವರೆ ಆಯ್ತು.

ಭಾವ: ದುಂಡೀಲಿ ಕೂತ್ಕೋ. ಇಂಜಿನ್ ಹಿಂದಿದೆ, ಗಾಳಿಗೇ ತಣ್ಣಗಾಗುತ್ತೆ. ನೀರು ಹುಯ್ಯೋ ಗೋಳೇ ಇಲ್ಲ.

ಭಾಮೈದ: ಮೂವತ್ನಾಲ್ಕು ಕುದುರೆ ಶಕ್ತಿ! ಅದರಲ್ಲಿ ಅರ್ಧ ಕುದುರೆ ಸತ್ತಿವೆ, ಉಳಿದರ್ಧ ಕುಂಟ್ತಿವೆ. ನನ್ನದು ನಲವತ್ತೆರಡು!

ಭಾವ: ಅಷ್ಟೂ ಪೆಟ್ರೋಲ್ ಕುಡಿಯೋಕೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತೆ, ಹೇಳು?

ಭಾಮೈದ: ಹದಿನೈದು.

ಭಾವ: ಇಳಿಜಾರಲ್ಲಿ. ಇಂಜಿನ್ ಆಫ್ ಮಾಡಿದಾಗ.

ಭಾಮೈದ: ನನ್ನದಕ್ಕೆ ನಾಲ್ಕು ಬಾಗಿಲು. ನಿಮ್ಮದರಲ್ಲಿ ಹಿಂದಿನ ಸೀಟಿಗೆ ಹೋಗೋಕೆ ಸರ್ಕಸ್ ಕಲೀಬೇಕು.

ಭಾವ: ನಾಲ್ಕರಲ್ಲಿ ತೆರೆಯೋದು ಎಷ್ಟೋ?

ಭಾಮೈದ: ಒಂದು. ಆದ್ರೆ ಚೆನ್ನಾಗಿ ತೆರೆಯುತ್ತೆ.

ಭಾವ: ಹೌದೌದು, ತಿರುವಲ್ಲಿ ತಾನಾಗೇ!

ಅಕ್ಕ: ಮುಚ್ಕೊಳ್ರೋ ಇಬ್ರೂ! ಯಾವುದು ಸ್ಟಾರ್ಟ್ ಆಗುತ್ತೋ ಅದರಲ್ಲಿ ಹೋಗ್ತೀನಿ.

ಎರಡೂ ಒಂದೇ ಸಲ ಸ್ಟಾರ್ಟ್ ಆದವು. ಅದೇ ಗ್ರಹಚಾರ.

ಭಾಮೈದ: ಹಗ್ಗಜಗ್ಗಾಟ ಆಗ್ಲಿ ಭಾವ. ಹಿಂದಿನ ಬಂಪರಿಗೆ ಬಂಪರ್ ಕಟ್ಟೋಣ. ಯಾವುದು ಎಳೀತೋ ಅದರಲ್ಲಿ ಅಕ್ಕ.

ಅಕ್ಕ: ನಿಮ್ಮ ತಲೆ ನೆಟ್ಟಗಿದೆಯಾ?

ಭಾವ: ಒಂದೇ ನಿಮಿಷ ಕಣೇ. ತೀರ್ಮಾನ ಆಗೇಬಿಡ್ಲಿ.

ಹಗ್ಗ ಬಿಗಿದರು. ಇಂಜಿನ್‌ಗಳು ಅರಚಿದವು, ಓಣಿಯೆಲ್ಲ ಹೊಗೆ. ಹಗ್ಗ ಮಾತ್ರ ಹರಿಯಲಿಲ್ಲ. ಎರಡೂ ಬಂಪರ್ ಕಿತ್ತುಬಂದು ನೆಲಕ್ಕೆ ಬಿದ್ದವು. ದುಂಡಿ ಓಣಿಯ ಆ ತುದಿಗೆ ನೆಗೆದು ನಿಂತಿತು, ಪೆಟ್ಟಿಗೆ ಈ ತುದಿಗೆ. ಎರಡರ ಇಂಜಿನ್ನೂ ಆರಿತು.

ಭಾವ: ನಂದು ಮುಂದೆ ಹೋಯ್ತು! ಗೆದ್ದೆ!

ಭಾಮೈದ: ನಂದೂ ಮುಂದೇ ಹೋಗಿದ್ದು!

ಭಾವ: ಇಲ್ಲಿ ಬಂದು ನಿಂತು ನೋಡು. ನಿಂದು ಹಿಂದಕ್ಕೆ ಹೋಗಿದೆ.

ಓಣಿಯ ಬಾಯಲ್ಲಿ ಹಾರ್ನ್ ಕೇಳಿತು. ಕಾರ್ಖಾನೆಯ ಹೆಂಗಸರು ತುಂಬಿದ್ದ ಟೆಂಪೋ. ಅಕ್ಕ ದಾರಿಗಡ್ಡ ನಿಂತಿದ್ದ ಪೆಟ್ಟಿಗೆಯ ಬಾನೆಟ್ಟಿನ ಮೇಲೆ ಕಾಲಿಟ್ಟು ಹತ್ತಿದಳು.

ಭಾಮೈದ: ಅಕ್ಕಾ! ಪೇಂಟು! ಪೇಂಟು ಹೋಗುತ್ತೆ!

ಅಕ್ಕ: ದಿನಾ ಹೊಟ್ಟೆ ಹಿಡ್ಕೊಂಡು ಹೊಲಿಯೋರ ಮುಂದೆ ಬಂದು ಹೇಳು, ನಿನ್ನ ಪೇಂಟಿನ ಕಥೆ.

ಆ ಕಡೆ ಧುಮುಕಿದಳು. ಒಳಗಿದ್ದವರು ರಟ್ಟೆ ಹಿಡಿದು ಎಳೆದುಕೊಂಡರು. ಟೆಂಪೋ ಹೊರಟೇಹೋಯಿತು.

ಭಾವ: ಅದಕ್ಕೆ ಎಷ್ಟು ಕುದುರೆ ಶಕ್ತಿ ಇರಬಹುದೋ?

ಭಾಮೈದ: ಇಪ್ಪತ್ತೂ ಇರಲ್ಲ, ಭಾವ.

ಮಧ್ಯಾಹ್ನದ ಹೊತ್ತಿಗೆ ಪಾಯಿಖಾನೆಯ ಬೀಗ ಕಳಚಿತು. ಇವರಿಬ್ಬರೂ ಇನ್ನೂ ಓಣಿಯಲ್ಲೇ ಕೂತು, ಬಿದ್ದ ಬಂಪರ್‌ಗಳಲ್ಲಿ ಯಾವುದು ಗಟ್ಟಿಯೆಂದು ಬೆರಳಲ್ಲಿ ಬಡಿದು ನೋಡುತ್ತಿದ್ದರು.

ಇವರನ್ನು ನೋಡಿ ನಕ್ಕಿರಲ್ಲ, ಈಗ ನೀವು ಹೇಳಿ. ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ನೀವು ಕಟ್ಟಿಸುತ್ತಿರುವ ಮನೆಯಲ್ಲಿ ದುಡಿಯುವ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಗೊತ್ತಿಲ್ಲವೆ? ಪುಸ್ತಕ ಕೆಳಗಿಡಿ. ಎದ್ದು ಹೋಗಿ ಕೇಳಿ.