ಪಾಟ್ಲೂನ್ ಸಾಹೇಬರು

ನಮ್ಮ ಅಪ್ಪ ಒಮ್ಮೆ ಏಳು ದಿನ ನನ್ನ ಜೊತೆ ಮಾತು ಬಿಟ್ಟು ನನ್ನ ಪಾಟ್ಲೂನಿನ ಜೊತೆ ಮಾತನಾಡಿದರು. ಏಳು ದಿನವೋ, ಮೂರೇ ದಿನವೋ? ಖಾತ್ರಿಯಾಗಿ ಹೇಳಲಾರೆ. ಕಾಲೇಜಿನಲ್ಲಿ ನಾಲ್ಕು ವರ್ಷ ತರ್ಕಶಾಸ್ತ್ರ ಓದಿದ್ದರ ಫಲವೆಂದರೆ ಬೇರೆಯವರ ಮಾತನ್ನು ನಂಬುವುದು ಮೊದಲು ಹೋಯಿತು, ಆಮೇಲೆ ನನ್ನದನ್ನು ನಂಬುವುದೂ ಹೋಯಿತು. ನಮ್ಮಕ್ಕನನ್ನು ಕೇಳಿದರೆ ಎಲ್ಲ ಒಂದೇ ರವಿವಾರ ನಡೆದದ್ದು ಎನ್ನುತ್ತಾಳೆ. ಅವಳೇನು ಗಡಿಯಾರ ಹಿಡಿದು ಕೂತಿದ್ದಳೇ?

ಆಗ ನನಗೆ ಹದಿನಾರು. ಧಾರವಾಡದ ಕಡೆಯಿಂದ ಪುಣೆಗೆ ಬಂದು ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ಅಪ್ಪ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಕೆಂಪು ರುಮಾಲು, ಧೋತರ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ನಾನು ಮ್ಯಾಟ್ರಿಕ್ ಪಾಸಾದ ಖುಷಿಗೆ ಸೋದರಮಾವ ಬೂದು ಬಣ್ಣದ ಬಟ್ಟೆ ಕೊಡಿಸಿದ. ನಾನು ಯಾರನ್ನೂ ಕೇಳದೆ ಓಣಿಯ ದರ್ಜಿಯ ಹತ್ತಿರ ಅದನ್ನು ಪಾಟ್ಲೂನು ಹೊಲಿಸಿಕೊಂಡು ಬಂದೆ. ಫ್ಯಾಷನ್ನು ಎಂದು ಬಲು ಬಿಗಿಯಾಗಿ ಹೊಲಿಸಿದ್ದೆ. ಧೋತರ ಉಟ್ಟುಕೊಂಡು ಹೋದರೆ ಕಾಲೇಜಿನ ಮೊದಲ ದಿನವೇ ಎಲ್ಲರೂ ‘ಕಾನಡೀ ಭಟ್ಟ’ ಎಂದು ನಗುತ್ತಾರೆ ಎಂಬ ಭಯ ನನ್ನ ನಿದ್ದೆ ಕೆಡಿಸಿತ್ತು. ಪಾಟ್ಲೂನಿಲ್ಲದಿದ್ದರೆ ಕಾಲೇಜೇ ಬೇಡ ಎಂಬಲ್ಲಿಗೆ ಬಂದಿದ್ದೆ.

ಬೆಳಿಗ್ಗೆ ಗೂಟಕ್ಕೆ ತೂಗುಹಾಕಿದ್ದ ಅದನ್ನು ಅಪ್ಪ ನೋಡಿದರು. ಬಯ್ಯಲಿಲ್ಲ. ಎರಡೂ ಕೈ ಜೋಡಿಸಿದರು.

“ನಮಸ್ಕಾರ್ರಿ ಸಾಹೇಬ್ರ. ಯಾವಾಗ ಬಂದ್ರಿ? ಬಿಳೇ ಮಂದಿ ಕ್ಯಾಂಪಿನಾಗ ಜಾಗಾ ಸಿಗಲಿಲ್ಲೇನು?” ಎಂದು ಅದನ್ನೇ ಕೇಳಿ, ಒಳಗೆ ತಿರುಗಿ, “ಏ, ಪಾವ್ಣ್ಯಾರು ಬಂದಾರ, ಚಹಾ ಇಡು” ಎಂದರು.

ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. “ಅವರು ಚಹಾ ಕುಡ್ಯಂಗಿಲ್ಲಂತ. ಇಸ್ತ್ರಿ ಅಷ್ಟ ಸಾಕಂತ.”

ನಾನು ವಾದಕ್ಕೆ ನಿಂತೆ. “ಅಪ್ಪಾ, ಧೋತರಾ ಸೈಕಲ್ಲಿನ ಚೈನಿನಾಗ ಸಿಕ್ಕೋತದ.”

ಅಪ್ಪ ಗೂಟದ ಕಡೆಗೇ ಮುಖ ಮಾಡಿಕೊಂಡು ಹೇಳಿದರು: “ಸಾಹೇಬ್ರ, ನಿಮ್ಮ ವಕೀಲ ಭಾಳ ಶಾಣ್ಯಾ ಇದ್ದಾನ. ನಮ್ಮನ್ಯಾಗ ಸೈಕಲ್ ಎಲ್ಲಿಟ್ಟಾನ ಅಂತ ಅಷ್ಟು ಕೇಳಿ ಹೇಳ್ರಿ.”

ನಮ್ಮಲ್ಲಿ ಸೈಕಲ್ಲಿರಲಿಲ್ಲ. ಮೊದಲ ಮೊಕದ್ದಮೆ ಹೀಗೆ ಬಿದ್ದುಹೋಯಿತು.

ಸುದ್ದಿ ವಾಡೆಯ ಮಾಲಕರಿಗೂ ಮುಟ್ಟಿತು. ನಳದ ಹತ್ತಿರ ಅವರು ಮೀಸೆಯಲ್ಲೇ ನಗುತ್ತ, “ಕಾಯ, ಮುಲಗಾ ಸಾಹೇಬ ಝಾಲಾ?” ಎಂದು ಕೇಳಿದರಂತೆ, ಮಗ ಸಾಹೇಬನಾದನೇ ಎಂದು. ಅಪ್ಪ ಅಷ್ಟೇ ಗಂಭೀರವಾಗಿ, ಮಗ ಬೇರೆ, ಸಾಹೇಬರು ಬೇರೆ, ಇಬ್ಬರೂ ಸದ್ಯ ನಮ್ಮಲ್ಲೇ ಇಳಿದುಕೊಂಡಿದ್ದಾರೆ ಎಂದು ಮರಾಠಿಯಲ್ಲಿ ಉತ್ತರಿಸಿದರಂತೆ.

ಕಾಲೇಜು ಶುರುವಾಗಲು ಎರಡು ದಿನ ಉಳಿದಾಗ ಅಪ್ಪ ಗೂಟದ ಮುಂದೆ ನಿಂತು ತೀರ್ಪು ಕೊಟ್ಟರು. “ಸಾಹೇಬ್ರ, ಮನುಷ್ಯಾನ ಮೈಮ್ಯಾಲಿನ ಅರಿವಿ ಅಂದ್ರ ಅವನ್ನ ಕೂಡಿಸಿ ಉಣ್ಣಿಸಬೇಕು. ಮಣಿ ಮ್ಯಾಲೆ ಚಕ್ಕಳ ಮಕ್ಕಳ ಹಾಕಿ ಕೂತು, ತಿಂದು, ಹಂಗ ಎದ್ರಿ ಅಂದ್ರ ಕಾಲೇಜಿಗೆ ಹೋಗ್ರಿ. ನಂದೇನೂ ತಕರಾರಿಲ್ಲ.”

ಮಡಿಯ ಊಟಕ್ಕೆ ಪಾಟ್ಲೂನಿಗೆ ಪ್ರವೇಶವಿಲ್ಲ. ಅದಕ್ಕೆಂದೇ ಅವರು ರವಿವಾರ ಸಂಜೆಯ ಫಳಾರವನ್ನು ಪರೀಕ್ಷೆಗೆ ಆರಿಸಿದ್ದರು. ಅಷ್ಟರ ಮಟ್ಟಿಗೆ ನ್ಯಾಯವಂತರೇ.

ಉಸಿರು ಬಿಗಿಹಿಡಿದು ಮಣೆಯ ಮೇಲೆ ಕೂತೆ. ಮೊದಲ ತಾಲಿಪಟ್ಟು ಸುಗಮವಾಗಿ ಸಾಗಿತು. ಎರಡನೆಯದರ ಹೊತ್ತಿಗೆ ತೊಡೆಗಳಿಗೆ ಜೋಮು ಹಿಡಿಯಿತು. “ಸಾಹೇಬ್ರಿಗೆ ಇನ್ನೊಂದು ಹಾಕು. ಸಂಕೋಚದ ಮಂದಿ ಅವರು” ಎಂದರು ಅಪ್ಪ. ಅಮ್ಮ ಮೂರನೆಯದನ್ನು ಹಾಕಿ ಬೆಣ್ಣೆಯ ಬಟ್ಟಲನ್ನು, ಬೇಕೆಂದೇ ಇರಬೇಕು, ಸ್ವಲ್ಪ ದೂರ ಇಟ್ಟಳು. ನಾನು ಬೆಣ್ಣೆಗೆ ಬಾಗಿದೆ.

ಪಾಟ್ಲೂನಿನ ಹಿಂಬದಿ ಪರ್ರನೆ ಹರಿದ ಆ ಸದ್ದು ವಾಡೆಯ ಮಾಲಕರಿಗೂ ಕೇಳಿಸಿದ್ದರೆ ಆಶ್ಚರ್ಯವಿಲ್ಲ!

ಯಾರೂ ನಗಲಿಲ್ಲ. ಅಪ್ಪ ಮಜ್ಜಿಗೆ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದರು: “ಸಾಹೇಬ್ರು ಏನೋ ಅಂದ್ರು. ಇಂಗ್ಲೀಷಿನಾಗ ಅಂದ್ರು ಅಂತ ಕಾಣಸ್ತದ, ನನಗ ತಿಳೀಲಿಲ್ಲ.”

ಆಗ ಅಕ್ಕ ನಕ್ಕಳು. ನಾನು ಗೋಡೆಗೆ ಬೆನ್ನು ಹಚ್ಚಿಕೊಂಡೇ ಒಳಗಿನ ಖೋಲಿಗೆ ಜರುಗಿ, ಹಾಸಿಗೆಯ ಸುರುಳಿಗೆ ಮುಖ ಒತ್ತಿ ಅತ್ತೆ. ನಾನು ಅತ್ತದ್ದು ಅಪ್ಪನಿಗೆ ಗೊತ್ತಾಯಿತೋ ಇಲ್ಲವೋ, ತಿಳಿಯದು.

ಸೋಮವಾರ ಎದ್ದು ನೋಡಿದರೆ ಗೂಟ ಖಾಲಿ. ಕೆಳಗೆ ಹೊಸ ಧೋತರ ಮಡಿಚಿಟ್ಟಿತ್ತು. ಪಾಟ್ಲೂನು ಮುಠಾ ನದಿ ಸೇರಿತೆಂದೇ ನಾನು ತಿಳಿದೆ. ಅಪ್ಪ ಅವತ್ತು ಕಚೇರಿಯಿಂದ ತಡವಾಗಿ ಬಂದರು. ಕೇಳಲು ನನಗೆ ಧೈರ್ಯ ಬರಲಿಲ್ಲ. ಕೇಳುವುದಾದರೂ ಯಾರನ್ನು? ಅವರು ಮಾತನಾಡುತ್ತಿದ್ದ ಮಹಾಶಯರೇ ಊರು ಬಿಟ್ಟಿದ್ದರಲ್ಲ.

ಮಂಗಳವಾರ, ಕಾಲೇಜಿನ ಮೊದಲ ದಿನ, ಬೆಳಿಗ್ಗೆ ಪಾಟ್ಲೂನು ಗೂಟಕ್ಕೆ ಮರಳಿತ್ತು, ಇಸ್ತ್ರಿಯ ಗೆರೆ ಸಮೇತ. ಹರಿದ ಹಿಂಬದಿಯಲ್ಲಿ ಅದೇ ಬೂದು ಬಟ್ಟೆಯ ಒಂದು ಮುಮ್ಮೂಲೆ ತುಂಡು ಎಷ್ಟು ನಾಜೂಕಾಗಿ ಸೇರಿಕೊಂಡಿತ್ತೆಂದರೆ ಹುಡುಕದೆ ಕಾಣುತ್ತಿರಲಿಲ್ಲ. ಹಾಕಿಕೊಂಡೆ. ಮಣೆಯ ಮೇಲೆ ಕೂತೆ, ಎದ್ದೆ. ಸಾಹೇಬರು ಚಕಾರ ಎತ್ತಲಿಲ್ಲ.

ಹೊಸ್ತಿಲು ದಾಟುವಾಗ ಅಪ್ಪ ನನ್ನ ಮೊಣಕಾಲನ್ನು ನೋಡುತ್ತ ಹೇಳಿದರು: “ಸಾಹೇಬ್ರ, ಅವಾ ರಸ್ತಾ ದಾಟೂ ಮುಂದ ಅತ್ತಿತ್ತ ನೋಡಂಗಿಲ್ಲ. ಜರಾ ಲಕ್ಷ್ಯ ಇಡ್ರಿ.”

ಅಪ್ಪ ಹಾಗೆ ಹೇಳಲೇ ಇಲ್ಲ, “ಹೊತ್ತಾತು, ಹೋಗು” ಎಂದಷ್ಟೇ ಅಂದರು ಎನ್ನುತ್ತಾಳೆ ಅಕ್ಕ. ಇರಬಹುದು. ನನಗೆ ಬೇಕಾದ ಮಾತನ್ನು ನಾನೇ ಅವರ ಬಾಯಿಗೆ ಹಾಕಿದ್ದೇನೋ ಏನೋ. ಅಂದಹಾಗೆ, ಕಾಲೇಜಿನಲ್ಲಿ ಅರ್ಧ ಹುಡುಗರು ಧೋತರದಲ್ಲೇ ಬಂದಿದ್ದರು. ಇದನ್ನು ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಆ ದರ್ಜಿ ಹಳೆಯ ಕಾಗದವೊಂದನ್ನು ತಂದುಕೊಟ್ಟ. ಆ ಸೋಮವಾರ ಅಪ್ಪ ಅವನ ಪಕ್ಕದಲ್ಲೇ ಕೂತು ಹೊಲಿಗೆ ಮಾಡಿಸಿಕೊಂಡು ಹೋದರಂತೆ. ಕಾಗದದ ಮೇಲೆ, ಕಾಲುವೆಯ ನಕ್ಷೆಯಷ್ಟೇ ಅಚ್ಚುಕಟ್ಟಾಗಿ, ನನ್ನ ಪಾಟ್ಲೂನಿನ ನಕ್ಷೆ. ಎರಡು ಚಿತ್ರ. ಒಂದರ ಕೆಳಗೆ ‘ಚಿರಂಜೀವಿ ನಿಂತಾಗ’, ಇನ್ನೊಂದರ ಕೆಳಗೆ ‘ಚಿರಂಜೀವಿ ಕುಳಿತಾಗ’. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ: ‘ಹುಡುಗ ಇನ್ನೂ ಬೆಳೆಯುವವನು. ತುಂಡಿನ ಒಳಗೆ ಒಂದಿಂಚು ಹೆಚ್ಚಿಗೆ ಮಡಿಚಿ ಬಿಡುವುದು.’

ದರ್ಜಿಯ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಟ್ರಂಕಿನ ತಳದಿಂದ ಪಾಟ್ಲೂನು ತೆಗೆದು, ಹೊಲಿಗೆ ಬಿಚ್ಚಿ, ಸ್ಕೇಲು ಇಟ್ಟು ನೋಡಿದೆ.

ಸರಿಯಾಗಿ ಒಂದಿಂಚು ಇತ್ತು.